ಪೆಟ್ಟು ತಿಂದವಳೇ ಮನೆಯನ್ನೂ ಬಿಡಬೇಕೆ?

ಡೊಂಬಿವಲಿ ಮಹಿಳಾ ವಿಭಾಗ:
ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದ ಮುಂದೆ ಒಂದು ಪ್ರಕರಣ ಬಂದಿದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಮದುವೆಯಾಗಿ ಊರಿನಿಂದ ಬಂದವಳು, ಇಬ್ಬರು ಮಕ್ಕಳು. ಗಂಡ ಕೈ ಮಾಡುವುದು ಹೊಸದಲ್ಲ, ಈಚೆಗೆ ಮಿತಿ ಮೀರಿದೆ. ಇರುವುದು ಬಾಡಿಗೆ ಮನೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು (ಅವಧಿ ಮುಗಿದರೆ ಮನೆ ಬಿಡಬೇಕಾದ ಬಾಡಿಗೆ ಕರಾರು) ಗಂಡನ ಹೆಸರಿನಲ್ಲಿದೆ, ಇನ್ನು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. "ನಾನು ಕರಾರು ಮುಂದುವರಿಸುವುದಿಲ್ಲ, ನೀನು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗಾದರೂ ಹೋಗು" ಎಂದು ಅವನು ಹೆದರಿಸುತ್ತಿದ್ದಾನೆ.

ಅವಳು ಆ ಅಡುಗೆಮನೆಯಿಂದಲೇ ಊಟದ ಡಬ್ಬಾ ಮಾಡಿ ಕೊಡುತ್ತಾಳೆ. ಸುತ್ತಲಿನ ಕಟ್ಟಡಗಳ ಹುಡುಗರು, ಒಬ್ಬಿಬ್ಬರು ವಯಸ್ಸಾದವರು ಅವಳ ಗಿರಾಕಿಗಳು. ಮನೆ ಹೋದರೆ ಸಂಪಾದನೆಯೂ ಹೋಯಿತು, ಮಕ್ಕಳ ಶಾಲೆಯೂ ಹೋಯಿತು. ನಮ್ಮ ಸಮಿತಿಯ ಹಿರಿಯರು "ಸದ್ಯಕ್ಕೆ ಊರಿಗೆ ಕಳುಹಿಸೋಣ, ಆಮೇಲೆ ನೋಡೋಣ" ಎನ್ನುತ್ತಾರೆ. ಅವಳು ಹೇಳುವುದು ಬೇರೆ: "ತಮ್ಮನ ಹೆಂಡತಿಯ ಅಡುಗೆಮನೆಯಲ್ಲಿ ನಾನು ಎಷ್ಟು ದಿನ ನಿಲ್ಲಲಿ? ನನಗೆ ಇಲ್ಲೇ ಇರುವ ದಾರಿ ಹೇಳಿ." ದಾರಿ ಗೊತ್ತಿದ್ದವರು ಬರೆಯಿರಿ. ಸಮಾಧಾನದ ಮಾತು ನಮ್ಮಲ್ಲೇ ಬೇಕಾದಷ್ಟಿದೆ.

ಮಾಟುಂಗಾದ ಹಳಬ:
ತಾಯೀ, ನಾನು ಈ ಊರಿಗೆ ಬಂದು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿಶಾಲೆಯಲ್ಲಿ ಓದಿದವನು. ನಮ್ಮವರ ಸಂಸಾರದ ಜಗಳಗಳನ್ನು ಎರಡೂ ಕಡೆಯವರನ್ನು ಕೂರಿಸಿಕೊಂಡು ಎಷ್ಟೋ ಬಗೆಹರಿಸಿದ್ದೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಪೊಲೀಸು, ಕೋರ್ಟು ಎಂದು ಹೋದರೆ ಆಮೇಲೆ ಕೂಡಿಸುವುದಕ್ಕೆ ಏನೂ ಉಳಿಯುವುದಿಲ್ಲ. ಕೆಲವು ತಿಂಗಳು ತವರಿನಲ್ಲಿರಲಿ. ಅವನ ಬಳಿ ನಾವು ಮಾತನಾಡೋಣ.

ಪಾಲಿಕೆ ಆಸ್ಪತ್ರೆಯ ನರ್ಸ್:
ರಾಯರೇ, ವಯಸ್ಸಿಗೆ ಮರ್ಯಾದೆ ಕೊಟ್ಟೇ ಹೇಳುತ್ತೇನೆ. ಉಂಡು ಮಲಗುವ ತನಕದ ಜಗಳಗಳು ನಮ್ಮ ವಾರ್ಡಿಗೆ ಬರುವುದಿಲ್ಲ. ಬರುವುದು ಬೇರೆ. ಕೈ ಅಡ್ಡ ಹಿಡಿದವರಿಗೆ ಮುಂಗೈಯ ಹೊರಗಿನ ಮೂಳೆ ಮುರಿದಿರುತ್ತದೆ. ಮೆಟ್ಟಿಲಿನಿಂದ ಬಿದ್ದವರಿಗೆ ಮುರಿಯುವ ಬಗೆಯೇ ಬೇರೆ. ಆದರೂ ಪಕ್ಕದಲ್ಲಿ ಅವನು ನಿಂತಿದ್ದರೆ ಅವಳು ಮೆಟ್ಟಿಲು ಎಂದೇ ಹೇಳುತ್ತಾಳೆ. ಅವನನ್ನು ಔಷಧಿ ತರಲು ಕಳುಹಿಸಿ ಮತ್ತೆ ಕೇಳಿದರೆ ಉತ್ತರ ಬದಲಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, 2019-21ರದು, ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಮಹಾರಾಷ್ಟ್ರದಲ್ಲಿ ಅದು ಶೇ. 25ರ ಆಸುಪಾಸು. ಹಾಗಿರುವಾಗ ಊರಿಗೆ ಕಳುಹಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮಗೆ ಎಲ್ಲಿಂದ ಬಂತು?

ಕೇಳಿದವರಿಗೆ ಒಂದು ಕೆಲಸದ ಮಾತು. ಪೆಟ್ಟಾದಾಗ ಪಾಲಿಕೆ ಆಸ್ಪತ್ರೆಗೆ ಬರಲಿ, ಕೇಸ್ ಪೇಪರಿನಲ್ಲಿ ಯಾರು ಹೊಡೆದರು, ಯಾವುದರಿಂದ ಹೊಡೆದರು ಎಂದು ಬರೆಸಲಿ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ 2000ರ ಸುಮಾರಿಗೆ ಆರಂಭಿಸಿದ 'ದಿಲಾಸಾ' ಕೇಂದ್ರ ಇಂಥವರಿಗೆಂದೇ ಇದೆ. ಆಮೇಲೆ ಪಾಲಿಕೆಯ ಬೇರೆ ಆಸ್ಪತ್ರೆಗಳಿಗೂ ಅದು ಬಂದಿದೆ. ಅಲ್ಲಿ ಕುಳಿತು ಮಾತನಾಡುವುದಕ್ಕೆ ಪೊಲೀಸ್ ದೂರು ಮೊದಲೇ ಆಗಿರಬೇಕಾಗಿಲ್ಲ. ನಾಳೆ ಮನೆಯ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದಾಗ ಈ ಕಾಗದಕ್ಕಿರುವ ತೂಕ ನೆರೆಹೊರೆಯವರ ಸಾಕ್ಷಿಗೂ ಇರುವುದಿಲ್ಲ. ಅವರಂತೂ ಹೇಗೂ ಬರುವುದಿಲ್ಲ.

ನಿರ್ವಾಹಕಿ:
ಮುಂದೆ ಬರೆಯುವವರಿಗೆ: ಬೀದಿ, ಕಟ್ಟಡ, ಶಾಲೆ, ಊರಿನ ಹೆಸರು ಬೇಡ. "ನನಗೆ ಗೊತ್ತಿರುವ ಒಬ್ಬರು" ಎಂದು ಆರಂಭಿಸಿ ಗುರುತು ಹಿಡಿಯುವಷ್ಟು ಬರೆದಿದ್ದ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಹೊಡೆಯುವವನೂ ಕನ್ನಡ ಓದುತ್ತಾನೆ. ಈ ಕ್ಷಣವೇ ಅಪಾಯವಿದ್ದರೆ ಇಲ್ಲಿ ಬರೆಯುತ್ತ ಕೂರಬೇಡಿ, 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181.

ಬೋರಿವಲಿ ವಕೀಲೆ:
ಮನೆಯ ವಿಷಯಕ್ಕೆ ಬರುತ್ತೇನೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದರ 17ನೇ ಕಲಮಿನ ಪ್ರಕಾರ ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಇದೆ, ಬಾಡಿಗೆ ಮನೆಯಾದರೂ ಇದೆ. ಮದುವೆಯಾಗದೆ ದಾಂಪತ್ಯದಂತೆ ಬಾಳಿದವಳೂ ಈ ಕಾಯ್ದೆಯೊಳಗೆ ಬರುತ್ತಾಳೆ.

19ನೇ ಕಲಂ ಇನ್ನೂ ಮುಖ್ಯ. ಅವಳನ್ನು ಹೊರಹಾಕಬಾರದು ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅಷ್ಟೇ ಏಕೆ, ಗಂಡನೇ ಮನೆ ಬಿಟ್ಟು ಹೋಗಬೇಕು ಎಂದೂ ಆದೇಶಿಸಬಹುದು. ಅತ್ತೆ ನಾದಿನಿಯರನ್ನು ಹೊರಹಾಕುವ ಆದೇಶ ಮಾತ್ರ ಸಿಗುವುದಿಲ್ಲ. ಒಟ್ಟಿಗೆ ಇರುವುದೇ ಅಪಾಯವಾದರೆ ಅದೇ ಮಟ್ಟದ ಬೇರೆ ಮನೆಯನ್ನು ಅವನು ಒದಗಿಸಬೇಕು, ಇಲ್ಲವೇ ಅದರ ಬಾಡಿಗೆ ಕಟ್ಟಬೇಕು. ನಮ್ಮ ಜನ "ಅವಳನ್ನು ಎಲ್ಲಿಗೆ ಕಳುಹಿಸೋಣ" ಎಂದು ಯೋಚಿಸುತ್ತಾರೆ. ಕಾನೂನು "ಅವನು ಎಲ್ಲಿಗೆ ಹೋಗಲಿ" ಎಂದು ಕೇಳಲು ಅವಕಾಶ ಕೊಟ್ಟು ಇಪ್ಪತ್ತು ವರ್ಷವಾಗುತ್ತ ಬಂತು.

ಈಗ ಕಷ್ಟದ ಭಾಗ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ಆಗಬೇಕು, 60 ದಿನಗಳಲ್ಲಿ ಇತ್ಯರ್ಥವಾಗುವಂತೆ ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲಿದೆ. ನ್ಯಾಯಾಲಯದ ಕಾರಿಡಾರಿನಲ್ಲಿ ನಿಂತವರಿಗೆ ವಾಸ್ತವ ಗೊತ್ತು. ಆದ್ದರಿಂದ ಅರ್ಜಿಯೊಡನೆಯೇ 23ನೇ ಕಲಮಿನ ಮಧ್ಯಂತರ ಆದೇಶ ಕೇಳಬೇಕು. ಪರಿಸ್ಥಿತಿ ಗಂಭೀರವಾಗಿದ್ದರೆ ಎದುರಾಳಿಯ ಮಾತು ಕೇಳುವ ಮೊದಲೇ ಏಕಪಕ್ಷೀಯ ಆದೇಶ ಕೊಡುವುದಕ್ಕೂ ಅವಕಾಶವಿದೆ. ಇನ್ನೊಂದು, 19ರ ವಾಸದ ಆದೇಶವನ್ನಷ್ಟೇ ಕೇಳಬೇಡಿ, 18ರ ರಕ್ಷಣಾ ಆದೇಶವನ್ನೂ ಸೇರಿಸಿ. ಏಕೆಂದರೆ 31ನೇ ಕಲಮಿನ ಶಿಕ್ಷೆ, ಅಂದರೆ 1 ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ, ರಕ್ಷಣಾ ಆದೇಶ ಮುರಿದವನಿಗೆಂದು ಬರೆದದ್ದು. ಮಕ್ಕಳ ಶಾಲೆಗೆ, ಅವಳ ಕೆಲಸದ ಜಾಗಕ್ಕೆ ಅವನು ಬರಬಾರದು ಎಂಬುದೂ 18ರಲ್ಲೇ ಸಿಗುತ್ತದೆ.

ಕೇಳಿದ ಪ್ರಕರಣದಲ್ಲಿ ತೊಡಕು ಮನೆಮಾಲೀಕರದು. ನ್ಯಾಯಾಲಯ ಗಂಡನನ್ನು ಕಟ್ಟಿಹಾಕಬಹುದು. ಅವಧಿ ಮುಗಿದ ಮೇಲೂ ಕರಾರು ಮುಂದುವರಿಸಿ ಎಂದು ಈ ಅರ್ಜಿಯಲ್ಲಿ ಮಾಲೀಕರನ್ನು ಒತ್ತಾಯಿಸುವುದು ಕಷ್ಟ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಂ ಅವಧಿ ಮುಗಿದ ಲೈಸೆನ್ಸಿನವರನ್ನು ತೆರವುಗೊಳಿಸುವುದಕ್ಕೇ ಇದೆ, ತೆರವು ಮಾಡದವರಿಗೆ ಎರಡು ಪಟ್ಟು ಹಣ ಬೀಳುತ್ತದೆ. ಹಾಗಾಗಿ ಇವತ್ತೇ ಮಾಲೀಕರ ಬಳಿ ಹೋಗಿ, ಮುಂದಿನ ಕರಾರನ್ನು ಅವಳ ಹೆಸರಿಗೆ ಮಾಡಿಕೊಡುವಿರಾ ಎಂದು ಕೇಳಿ. ವಕೀಲರ ಶುಲ್ಕದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಯಾವುದೇ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತದೆ.

ಠಾಣೆ ಸೊಸೈಟಿ ಕಾರ್ಯದರ್ಶಿ:
ಮೇಡಂ, ನಮ್ಮ ಇಕ್ಕಟ್ಟನ್ನೂ ಕೇಳಿ. ನಮ್ಮಂಥ ಹೌಸಿಂಗ್ ಸೊಸೈಟಿಯಲ್ಲಿ ಫ್ಲ್ಯಾಟಿನ ಶೇರ್ ಸರ್ಟಿಫಿಕೇಟು, ಅಂದರೆ ಸದಸ್ಯತ್ವದ ಕಾಗದ, ಗಂಡನ ಹೆಸರಿನಲ್ಲಿ ಇರುತ್ತದೆ. ಅವನು ಕುಡಿದು ಬಂದು ಗೇಟಿನಲ್ಲಿ ಕೂಗಾಡಿದರೆ ವಾಚ್‌ಮನ್ ನನಗೆ ಫೋನ್ ಮಾಡುತ್ತಾನೆ. ಸದಸ್ಯನನ್ನು ಒಳಗೆ ಬಿಡಬೇಡ ಎಂದು ಹೇಳುವ ಅಧಿಕಾರ ನನಗೆ ಇದೆಯೆ? ಇಲ್ಲ. ಬಿಟ್ಟರೆ ಅವಳು ನಮ್ಮನ್ನು ಶಪಿಸುತ್ತಾಳೆ, ಬಿಡದಿದ್ದರೆ ಅವನು ಸಹಕಾರಿ ಸಂಘಗಳ ರಿಜಿಸ್ಟ್ರಾರರಿಗೆ ದೂರು ಕೊಡುತ್ತಾನೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಆಗಿದೆ ನಮ್ಮ ಪಾಡು.

ಬೋರಿವಲಿ ವಕೀಲೆ:
ಆದೇಶ ಇಲ್ಲದಿದ್ದಾಗ ನೀವು ಅವನನ್ನು ತಡೆಯಲಾರಿರಿ, ಸರಿ. ಆದರೆ ಕೂಗಾಟ ಕೇಳಿದ ಕೂಡಲೇ 112ಕ್ಕೆ ಕರೆ ಮಾಡಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಆ ರಾತ್ರಿಯ ಸಿಸಿಟಿವಿ ಚಿತ್ರಣ ಅಳಿಸಿಹೋಗದಂತೆ ತೆಗೆದಿಡಬಹುದು, ವಾಚ್‌ಮನ್ ಪುಸ್ತಕದಲ್ಲಿ ಸಮಯ ಬರೆಸಬಹುದು. ಆದೇಶ ಬಂದ ಮೇಲೆ ಅದರ ಪ್ರತಿ ನಿಮ್ಮ ಕಚೇರಿಗೂ ಗೇಟಿಗೂ ಬರಲಿ. ಪೊಲೀಸ್ ಠಾಣೆಯ ಅಧಿಕಾರಿ ಅವಳಿಗೆ ರಕ್ಷಣೆ ಕೊಡಬೇಕೆಂದು 19ನೇ ಕಲಮಿನಡಿ ನ್ಯಾಯಾಲಯ ಆದೇಶಿಸಬಹುದು. ಆದೇಶದ ಪ್ರತಿ ಅವಳಿಗೆ ಉಚಿತ.

ನಿಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವುದಿದೆಯೆ? ಇದ್ದರೆ ಹೇಳಿ. ಮುಂಬಯಿಯಲ್ಲಿ ಹೆಂಗಸರು ಸದ್ದಿಲ್ಲದೆ ಮನೆ ಕಳೆದುಕೊಳ್ಳುವುದು ಅಲ್ಲಿ.

ಠಾಣೆ ಸೊಸೈಟಿ ಕಾರ್ಯದರ್ಶಿ:
ಹೋಗುವುದಿದೆ. ಮುಂದಿನ ವರ್ಷ. ವಿವರಿಸಿ.

ಬೋರಿವಲಿ ವಕೀಲೆ:
ಕಟ್ಟಡ ಒಡೆಯುವ ಮೊದಲು ಎಲ್ಲರೂ ಖಾಲಿ ಮಾಡುತ್ತಾರೆ. ಬಿಲ್ಡರ್ ಕೊಡುವ ತಿಂಗಳ ಬಾಡಿಗೆ ಸದಸ್ಯನ ಖಾತೆಗೆ ಬೀಳುತ್ತದೆ. ಅವನು ಅದರಲ್ಲಿ ಬೇರೆ ಕಡೆ ಮನೆ ಹಿಡಿಯುತ್ತಾನೆ, ಇವಳನ್ನು ಕರೆಯುವುದಿಲ್ಲ. ಮೂರು-ನಾಲ್ಕು ವರ್ಷ ಬಿಟ್ಟು ಹೊಸ ಗೋಪುರ ಎದ್ದಾಗ ಕೀಲಿ ಅವನ ಕೈಗೆ. ಬಾಳಿದ ಮನೆ ಯಾವುದು ಎಂದು ತೋರಿಸಲು ಗೋಡೆಯೇ ಇರುವುದಿಲ್ಲ. ಗಿರಗಾಂವ್, ಪರೇಲಿನ ಪಗಡಿ ಚಾಳುಗಳಲ್ಲಿ, ಅಂದರೆ ಮುಂಗಡ ಕೊಟ್ಟು ಹಿಡಿದ ಹಳೆಯ ಬಾಡಿಗೆ ವಠಾರಗಳಲ್ಲಿ, ರಸೀತಿ ಮಾವನ ಹೆಸರಿನಲ್ಲಿರುತ್ತದೆ, ಅಲ್ಲಿ ಅವಳನ್ನು ಹೊರಗಿಡುವುದು ಇನ್ನೂ ಸುಲಭ.

ಒಡೆಯುವುದಕ್ಕೆ ಮೊದಲೇ ಅವಳು 19ನೇ ಕಲಮಿನಡಿ, ಈ ಮನೆಯನ್ನು ಮಾರಬಾರದು, ಹಕ್ಕು ಬಿಟ್ಟುಕೊಡಬಾರದು, ಅಡವಿಡಬಾರದು ಎಂದು ಆದೇಶ ತರಬೇಕು. ಅದನ್ನು ಸೊಸೈಟಿಗೂ ಬಿಲ್ಡರಿಗೂ ಮುಟ್ಟಿಸಿ ಮೊಹರು ಹಾಕಿಸಿಕೊಳ್ಳಬೇಕು. ಮಧ್ಯಂತರದ ಬಾಡಿಗೆಯಲ್ಲಿ ಅವಳ ಪಾಲನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು. ಕಾರ್ಯದರ್ಶಿಯವರೇ, ಅಂಥ ಕಾಗದ ಬಂದರೆ "ಗಂಡ ಹೆಂಡಿರ ವಿಷಯ" ಎಂದು ಡ್ರಾಯರಿಗೆ ಹಾಕಬೇಡಿ. ಕೊಳೆಗೇರಿ ಪುನರ್ವಸತಿಯ ಮನೆಗಳಲ್ಲಿ ಕರಾರು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಆಗಬೇಕೆಂಬ ನಿಯಮವೇ ಇದೆ. ಧಾರಾವಿಯ ಗುಡಿಸಲಿನವಳಿಗೆ ಇರುವ ಈ ಆಸರೆ ಠಾಣೆಯ ಫ್ಲ್ಯಾಟಿನವಳಿಗೆ ಇಲ್ಲ. ವಿಚಿತ್ರ, ಆದರೆ ನಿಜ.

ಹೆಸರು ಬೇಡ:
ನಾನು ಹೊರಗೆ ಬಂದವಳು. ವಕೀಲರು ಬರೆದದ್ದು ಸರಿ. ನನಗೂ ಆ ಹಕ್ಕು ಇತ್ತು. ಆದರೆ ಅವನನ್ನು ಹೊರಹಾಕಿಸಿ ಅದೇ ಮನೆಯಲ್ಲಿ ಮಲಗುವ ಧೈರ್ಯ ನನಗೆ ಇರಲಿಲ್ಲ. ಆ ಬಾಗಿಲಿನ ಚಿಲಕ ಒಳಗಿನಿಂದ ಹಾಕಿದರೂ ಹೊರಗಿನಿಂದ ಭುಜ ಕೊಟ್ಟರೆ ತೆರೆದುಕೊಳ್ಳುತ್ತಿತ್ತು, ಅದು ಅವನಿಗೆ ಗೊತ್ತಿತ್ತು. ಎಲ್ಲರಿಗೂ ಅದೇ ಮನೆ ಬೇಕೆಂದಿಲ್ಲ. ಕೆಲವರಿಗೆ ಅದೇ ಬೇಕು, ಕೆಲವರಿಗೆ ಅವನಿಗೆ ಗೊತ್ತಿಲ್ಲದ ಬಾಗಿಲು ಬೇಕು. ದಯವಿಟ್ಟು ಅವಳನ್ನೇ ಕೇಳಿ.

ಬಾಡಿಗೆ ಮನೆ ಹುಡುಕುವಾಗ ಬ್ರೋಕರ್ ಮೊದಲು ಕೇಳುವ ಪ್ರಶ್ನೆ "ಫ್ಯಾಮಿಲಿಯೆ?" ಮಗಳ ಕೈ ಹಿಡಿದು ನಿಂತಿದ್ದೆ, ಆದರೂ ಅದೇ ಪ್ರಶ್ನೆ. ಗಂಡ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ, ಗಂಡಸರು ಬಂದು ಹೋಗುತ್ತಾರೆಯೆ? ಒಂದು ಸೊಸೈಟಿಯಲ್ಲಿ ಸಮಿತಿಯ ಐದು ಜನರ ಮುಂದೆ ನನ್ನನ್ನು ಕೂರಿಸಿದರು. ವಿಚ್ಛೇದನದ ಕಾಗದ ತೋರಿಸಿ ಎಂದರು. ಇನ್ನೂ ಆಗಿಲ್ಲ ಎಂದೆ. "ಹಾಗಾದರೆ ಆದ ಮೇಲೆ ಬನ್ನಿ" ಎಂದು ಒಬ್ಬರು ಚಹಾ ಕುಡಿಯುತ್ತಲೇ ಹೇಳಿದರು. ಕಡೆಗೆ ಸಿಕ್ಕ ಮನೆಗೆ ಡಿಪಾಸಿಟ್ ಬಾಡಿಗೆಯ ನಾಲ್ಕು ಪಟ್ಟು, ಮೇಲೆ ಒಂದು ತಿಂಗಳ ಬಾಡಿಗೆ ಬ್ರೋಕರಿಗೆ. ನನ್ನ ಬಳೆ ಅಲ್ಲಿ ಹೋಯಿತು. ಡಿಪಾಸಿಟ್ ಕೊಡುವವರು ಒಬ್ಬರು ಮೊದಲೇ ಸಿಕ್ಕಿದ್ದರೆ ನಾನು ಇನ್ನೂ ಮೊದಲೇ ಹೊರಡುತ್ತಿದ್ದೆ. ನನ್ನನ್ನು ಅಲ್ಲಿ ಹಿಡಿದಿಟ್ಟದ್ದು ಪ್ರೀತಿಯೂ ಅಲ್ಲ, ಮಾನದ ಭಯವೂ ಅಲ್ಲ. ದುಡ್ಡು ಇರಲಿಲ್ಲ.

ಹೊರಡುವವರು ಫೋನನ್ನು ಮರೆಯಬೇಡಿ. ಲೊಕೇಶನ್ ಹಂಚಿಕೆ, ಇಮೇಲಿನ ಪಾಸ್‌ವರ್ಡ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನನ್ನ ಹೊಸ ವಿಳಾಸ ಅವನಿಗೆ ಸಿಕ್ಕಿದ್ದು ಊಟ ತರಿಸುವ ಆ್ಯಪಿನಿಂದ. ಖಾತೆ ಅವನ ಮೊಬೈಲಿನಲ್ಲೂ ತೆರೆದಿತ್ತು, ನಾನು ಮಗಳಿಗೆಂದು ಇಡ್ಲಿ ತರಿಸಿದೆ. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಗಂಡನದಾಗಿದ್ದರೆ ನೀವು ಏನೇ ಬದಲಿಸಲು ಹೋದರೂ ಒಟಿಪಿ ಅವನಿಗೆ ಹೋಗುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಮೊದಲು ಆ ಸಂಖ್ಯೆ ಬದಲಿಸಿ, ಆಮೇಲೆ ಉಳಿದದ್ದು. ಗ್ಯಾಸ್ ಬುಕಿಂಗ್, ಬ್ಯಾಂಕಿನ ಸಂದೇಶ, ಮಗುವಿನ ಶಾಲೆಯ ವಾಟ್ಸ್ಆ್ಯಪ್ ಗುಂಪು ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಒಂದೊಂದಾಗಿ ನೋಡಿ. ಅವನ ಕೈಗೆ ಸಿಗದ ಕಾಗದದಲ್ಲಿ. ಶಾಲೆಗೆ, ಮಗುವನ್ನು ಯಾರು ಕರೆದುಕೊಂಡು ಹೋಗಬಹುದು ಎಂದು ಬರೆದು ಕೊಡಿ.

ಹೊರಡುವ ದಿನ ಮತ್ತು ಆಮೇಲಿನ ಕೆಲವು ವಾರಗಳೇ ಎಲ್ಲಕ್ಕಿಂತ ಅಪಾಯದವು. "ಹೊರಗೆ ಬಂದಳಲ್ಲ, ಇನ್ನು ಸುರಕ್ಷಿತ" ಎಂದು ನೆಂಟರು ನೆಮ್ಮದಿಯಾಗಿ ನಿದ್ರೆ ಮಾಡುವುದು ಆಗಲೇ.

ಮುಲುಂಡಿನ ಮನೆಮಾಲೀಕ:
ಎಲ್ಲರೂ ಮಾಲೀಕರನ್ನು ಬೈಯುತ್ತೀರಿ. ನನ್ನದು ಒಂದು ಕೋಣೆಯ ಮನೆ, ನಿವೃತ್ತಿಯ ಹಣದಲ್ಲಿ ಕೊಂಡದ್ದು, ಅದರ ಬಾಡಿಗೆಯೇ ನಮ್ಮ ಔಷಧಿಯ ಖರ್ಚು. ಅಂಥವಳಿಗೆ ಕೊಟ್ಟರೆ ಗಂಡ ಬಂದು ಬಾಗಿಲು ಒದೆಯುತ್ತಾನೆ, ಸೊಸೈಟಿ ನನಗೆ ನೋಟಿಸು ಕೊಡುತ್ತದೆ. ಬಾಡಿಗೆ ನಿಂತರೆ ಮಕ್ಕಳಿರುವ ಹೆಂಗಸನ್ನು ಹೊರಗೆ ಹಾಕುವ ಪಾಪ ನನಗೆ ಬೇಡ. ಈ ಎರಡು ಹೆದರಿಕೆಗೆ ಯಾರಾದರೂ ಉತ್ತರ ಕೊಟ್ಟರೆ ನಾನು ಕೊಡದೆ ಇರುವವನಲ್ಲ.

ಹೆಸರು ಬೇಡ:
ಅಣ್ಣ, ಬಾಗಿಲು ಒದೆಯುವವನು ಬರುವುದು ವಿಳಾಸ ಗೊತ್ತಾದರೆ. ಮಾಲೀಕರು ಬಾಯಿಗೆ ಬೀಗ ಹಾಕಿದರೆ ಅರ್ಧ ರಕ್ಷಣೆ ಅಲ್ಲೇ ಆಯಿತು. ನನ್ನ ಮಾಲಕಿ ಮಾಡಿದ್ದು ಇಷ್ಟೇ. ಹೊಸ ಬೀಗ, ಬಾಗಿಲಿಗೆ ಕಬ್ಬಿಣದ ಜಾಲರಿ, ಕೆಳಗಿನ ಹೆಸರುಗಳ ಫಲಕದಲ್ಲಿ ತನ್ನ ಹೆಸರನ್ನೇ ಉಳಿಸಿಕೊಂಡರು. ಅಂಚೆಯವನಿಗೆ ಮಾತ್ರ ಹೇಳಿದ್ದರು. ಬಾಡಿಗೆಯನ್ನು ನಾನು ಒಂದು ತಿಂಗಳೂ ತಪ್ಪಿಸಲಿಲ್ಲ. ತಪ್ಪಿಸಿದರೆ ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿರುವವರು ತಪ್ಪಿಸುವುದಿಲ್ಲ.

ಝುವಾರಿನಗರದವನು:
ಗೋವಾದಿಂದ ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ಉತ್ತರ ಕರ್ನಾಟಕದ ಮಂದಿ ಕಟ್ಟಡದ ಕೆಲಸದಲ್ಲಿ ಬಹಳ ಇದ್ದಾರೆ. ಕರಾರು, ಡಿಪಾಸಿಟ್ ಎಲ್ಲ ನಿಮ್ಮ ಮುಂಬಯಿ ಮಾತು. ಇಲ್ಲಿ ಎಷ್ಟೋ ಕೋಣೆಗಳು ಗುತ್ತಿಗೆದಾರನವು. ಗಂಡ ಕೆಲಸ ಬಿಟ್ಟ ದಿನ ಹೆಂಡತಿಗೂ ಕೋಣೆ ಇಲ್ಲ, ಕಾಗದ ಒಂದೂ ಇಲ್ಲ. ಹೊಡೆತ ತಿಂದವಳು ಠಾಣೆಗೆ ಹೋದರೆ ಅವಳಿಗೆ ಬರುವುದು ಕನ್ನಡ ಒಂದೇ. ಅವರು ಬರೆದುಕೊಂಡದ್ದು ಏನು ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಬರುತ್ತಾಳೆ. ಜೊತೆಗೆ ಓದಿ ಹೇಳುವವರು ಒಬ್ಬರು ಹೋದರೂ ದೊಡ್ಡ ಉಪಕಾರ. ಊರಿಗೆ ಓಡಿಹೋದವರು ಕೇಸು ಹಾಕಲು ಮತ್ತೆ ವಾಸ್ಕೋಗೆ ಬರಬೇಕೆ?

ಬೋರಿವಲಿ ವಕೀಲೆ:
ಬರಬೇಕಾಗಿಲ್ಲ. 27ನೇ ಕಲಂ ಪ್ರಕಾರ ಅವಳು ಈಗ ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟರ ಬಳಿಯೂ ಅರ್ಜಿ ಹಾಕಬಹುದು, ಬಾಗಲಕೋಟೆಯಾದರೂ ಸರಿ. ಸರ್ಕಾರದ ರಕ್ಷಣಾಧಿಕಾರಿ ಎಂಬವರು ಇರುತ್ತಾರೆ. ಕೌಟುಂಬಿಕ ಘಟನಾ ವರದಿ ತಯಾರಿಸುವುದು, ಆಶ್ರಯ ಕೇಂದ್ರ ಹುಡುಕಿಕೊಡುವುದು ಅವರ ಕರ್ತವ್ಯ. ಕೇಳಿದರೆ ಆಶ್ರಯ ಕೊಡಲೇಬೇಕು ಎಂದು 6ನೇ ಕಲಂ ಆಶ್ರಯ ಕೇಂದ್ರಗಳಿಗೆ ಹೇಳುತ್ತದೆ. ಹಿಂಸೆಗೊಳಗಾದ ಮಹಿಳೆಯರಿಗೆಂದು ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ ಸಿಗುವ ತಂಗುವ ವ್ಯವಸ್ಥೆ ಕೆಲವು ದಿನಗಳದು, ಆಮೇಲೆ ಶಕ್ತಿ ಸದನದಂಥ ಆಶ್ರಯ ಮನೆಗೆ ಹೋಗಬೇಕು. ದೊಡ್ಡ ಗಂಡುಮಗುವಿದ್ದರೆ ಮೊದಲೇ ಕೇಳಿಕೊಳ್ಳಿ, ವಯಸ್ಸಿನ ಮಿತಿ ಇರುತ್ತದೆ. ಮಗನನ್ನು ಬೇರೆ ಕಡೆ ಬಿಡಬೇಕಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹಿಂದಿರುಗಿದವರನ್ನು ಕಂಡಿದ್ದೇನೆ.

ಪಿಂಪ್ರಿ ನಿವಾಸಿ:
ಪುಣೆಯ ಐಟಿ ದಂಪತಿಗಳ ಕಥೆ ಬೇರೆ. ಮನೆ ಇಬ್ಬರ ಹೆಸರಿನಲ್ಲಿ, ಸಾಲವೂ ಇಬ್ಬರ ಹೆಸರಿನಲ್ಲಿ. ಅವಳು ದೂರು ಕೊಟ್ಟ ಕೂಡಲೇ ಅವನು ತನ್ನ ಪಾಲಿನ ಕಂತು ನಿಲ್ಲಿಸುತ್ತಾನೆ. ಬ್ಯಾಂಕಿಗೆ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಪೂರ್ತಿ ಕಂತು ಕಟ್ಟಿ ಅವಳು ಸೊರಗುತ್ತಾಳೆ, ಕಟ್ಟದಿದ್ದರೆ ಮನೆ ಹರಾಜಿಗೆ. ಕೈಯಿಂದ ಹೊಡೆಯುವುದನ್ನು ಬಿಟ್ಟು ಕಂತಿನಿಂದ ಹೊಡೆಯುವುದು. ಕಂತಿನ ಪಾಲನ್ನೂ ನ್ಯಾಯಾಲಯದಲ್ಲಿ ಕೇಳಬಹುದಂತೆ, ನಿಜವೆ?

ಬೋರಿವಲಿ ವಕೀಲೆ:
ಕೇಳಬಹುದು. ಆರ್ಥಿಕ ಹಿಂಸೆಯೂ ಈ ಕಾಯ್ದೆಯ ಪ್ರಕಾರ ಹಿಂಸೆಯೇ. 20ನೇ ಕಲಮಿನಡಿ ಹಣಕಾಸಿನ ಪರಿಹಾರ ಕೇಳಿ. ಅವನು ಕಟ್ಟದಿದ್ದರೆ ಸಂಬಳದಿಂದ ನೇರವಾಗಿ ಕೊಡಬೇಕೆಂದು ಅವನ ಕಂಪನಿಗೇ ಆದೇಶ ಹೋಗಬಹುದು. ಐಟಿ ಕಂಪನಿಯಲ್ಲಿ ಅಂಥ ಕಾಗದ ಮಾನವ ಸಂಪನ್ಮೂಲ ವಿಭಾಗದ ಮೇಜಿಗೆ ಬರುವ ಮಾತು ಕೇಳಿದರೇ ಕೆಲವರು ದಾರಿಗೆ ಬರುತ್ತಾರೆ.

ಮಾಟುಂಗಾದ ಹಳಬ:
ಎಲ್ಲ ಓದಿದೆ. ನರ್ಸ್ ತಾಯಿ ಬರೆದದ್ದು ಮನಸ್ಸಿಗೆ ತಾಗಿತು, ಇಲ್ಲವೆನ್ನುವುದಿಲ್ಲ. ಆದರೆ ಒಂದು ಪ್ರಶ್ನೆ ಇದೆ, ಇದಕ್ಕೆ ಉತ್ತರ ಬೇಕು. ಮನೆ ನನ್ನದು. ಬೆವರು ಸುರಿಸಿ ಕಟ್ಟಿದ್ದು. ಮಗ ಕೆಟ್ಟವನು ಎಂದೇ ಇಟ್ಟುಕೊಳ್ಳಿ. ಅವರಿಬ್ಬರ ಜಗಳದಲ್ಲಿ ನಾನೂ ನನ್ನ ಹೆಂಡತಿಯೂ ಮುಪ್ಪಿನಲ್ಲಿ ಏಕೆ ಸುಡಬೇಕು? ಹಿರಿಯ ನಾಗರಿಕರಿಗೂ ಕಾಯ್ದೆ ಇದೆಯಲ್ಲ?

ಬೋರಿವಲಿ ವಕೀಲೆ:
ರಾಯರೇ, ಇದು ನ್ಯಾಯವಾದ ಪ್ರಶ್ನೆ. ಮೊದಲು ಸುಪ್ರೀಂ ಕೋರ್ಟು ಬತ್ರಾ ಪ್ರಕರಣದಲ್ಲಿ, ಅತ್ತೆಯ ಸ್ವಂತ ಮನೆಯಲ್ಲಿ ಸೊಸೆಗೆ ವಾಸದ ಹಕ್ಕಿಲ್ಲ ಎಂದಿತ್ತು. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದ ತೀರ್ಪು ಅದನ್ನು ಬದಲಿಸಿತು. ಬಂಧುಗಳ ಮನೆಯಾದರೂ ಸೊಸೆ ಅಲ್ಲಿ ಸಂಸಾರ ಹೂಡಿದ್ದರೆ ಹಕ್ಕು ಕೇಳಬಹುದು. ಅದೇ ತೀರ್ಪಿನಲ್ಲಿ, ವಯಸ್ಸಾದವರ ನೆಮ್ಮದಿಯನ್ನೂ ತೂಗಿ ನೋಡಬೇಕು ಎಂದೂ ಇದೆ. ಆದ್ದರಿಂದ ನ್ಯಾಯಾಲಯ ಬೇರೆ ಮನೆಯ ವ್ಯವಸ್ಥೆ ಮಾಡಿಸುವುದೂ ಉಂಟು, ಅದರ ಖರ್ಚು ಮಗನದು.

ಹಿರಿಯ ನಾಗರಿಕರ ಕಾಯ್ದೆ 2007ರದು. ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ ಸೊಸೆಯನ್ನು ತೆರವುಗೊಳಿಸಲು ಅದನ್ನೇ ಬಳಸಿದ್ದರು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಒಂದು ಕಾಯ್ದೆಯ ಆತುರದ ವಿಧಾನದಿಂದ ಇನ್ನೊಂದು ಕಾಯ್ದೆಯ ಹಕ್ಕನ್ನು ಅಳಿಸಲಾಗದು ಎಂದಿತು. ಒಳ್ಳೆಯ ಅತ್ತೆಮಾವಂದಿರು ಮಗನನ್ನೇ ಹೊರಗೆ ಕಳುಹಿಸಿ ಸೊಸೆ ಮೊಮ್ಮಕ್ಕಳನ್ನು ಇಟ್ಟುಕೊಂಡದ್ದನ್ನೂ ಈ ಊರಿನಲ್ಲೇ ಕಂಡಿದ್ದೇನೆ. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲ.

ಮಾಟುಂಗಾದ ಹಳಬ:
ಮಗನನ್ನು ಹೊರಗೆ ಕಳುಹಿಸುವುದು ಬರೆದಷ್ಟು ಸುಲಭವಲ್ಲ ತಾಯೀ. ಒಪ್ಪುವುದೂ ಇಲ್ಲ, ವಾದಿಸುವುದೂ ಇಲ್ಲ.

ಪಾಲಿಕೆ ಆಸ್ಪತ್ರೆಯ ನರ್ಸ್:
ಸೊಸೆಯನ್ನು ಕಳುಹಿಸುವುದು ಅಷ್ಟು ಸುಲಭವಾಗಿತ್ತಲ್ಲ ರಾಯರೇ.

ಸಂಘದ ಮಾಜಿ ಖಜಾಂಚಿ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. 'ಹೆಸರು ಬೇಡ' ಬರೆದ ಡಿಪಾಸಿಟಿನ ಮಾತಿಗೆ ಬರುತ್ತೇನೆ. ನಮ್ಮ ಸಂಘಗಳು ವಾರ್ಷಿಕೋತ್ಸವದ ಮಂಟಪಕ್ಕೆ, ಸ್ಮರಣ ಸಂಚಿಕೆಗೆ, ಶಾಲು ಹಾರಗಳಿಗೆ ಖರ್ಚು ಮಾಡುವುದು ನನಗೆ ಗೊತ್ತು, ಲೆಕ್ಕ ಬರೆದವನೇ ನಾನು. ವಿದ್ಯಾರ್ಥಿವೇತನ ಇದೆ, ಸಾಮೂಹಿಕ ವಿವಾಹಕ್ಕೆ ನಿಧಿ ಇದೆ. ಮದುವೆ ಮಾಡಿಸಲು ಹಣ ಕೊಡುವವರು, ಆ ಮದುವೆಯಲ್ಲಿ ಮೂಳೆ ಮುರಿಸಿಕೊಂಡವಳಿಗೆ ಒಂದು ಡಿಪಾಸಿಟ್ ಕೊಡಲಾರೆವು ಎಂದರೆ ನಾಚಿಕೆಯಾಗಬೇಕು. ಇದು ಮುಳುಗುವ ಹಣವೂ ಅಲ್ಲ. ಮನೆ ಬಿಟ್ಟಾಗ ಮಾಲೀಕರು ಹಿಂದಿರುಗಿಸುತ್ತಾರೆ, ಮುಂದಿನವಳಿಗೆ ಸಿಗುತ್ತದೆ. ಮೊದಲ ಎರಡು ತಿಂಗಳ ಬಾಡಿಗೆ ಮಾತ್ರ ದಾನವೆಂದು ಬಿಟ್ಟುಬಿಡಬೇಕು.

ಒಂದೇ ಶರತ್ತು. ಅರ್ಜಿ ಸಮಿತಿಯ ಇಪ್ಪತ್ತು ಜನರ ಮುಂದೆ ಓದುವಂತಿಲ್ಲ. ಇಬ್ಬರು ಮಹಿಳೆಯರಿಗೆ ಮಾತ್ರ ಹೆಸರು ಗೊತ್ತಿರಲಿ, ಲೆಕ್ಕದಲ್ಲಿ ಸ್ವೀಕೃತಿ ಸಂಖ್ಯೆ ಸಾಕು. ನಮ್ಮ ಸಮಿತಿಗಳಲ್ಲಿ ಗುಟ್ಟು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ.

ಡೊಂಬಿವಲಿ ಮಹಿಳಾ ವಿಭಾಗ:
ಎಲ್ಲರಿಗೂ ಉಪಕಾರ. ನಿನ್ನೆ ಅವಳ ಜೊತೆ ಕುಳಿತು ಇದನ್ನೆಲ್ಲ ಓದಿ ಹೇಳಿದೆ. ಅವಳಿಗೆ ಅದೇ ಮನೆ ಬೇಡವಂತೆ, ಆದರೆ ಡಬ್ಬಾದ ಗಿರಾಕಿಗಳು ಕೈಬಿಡದಷ್ಟು ಹತ್ತಿರ ಬೇಕು. ಅವನಿಗೆ ತಿಳಿಯದಷ್ಟು ದೂರವೂ ಇರಬೇಕು, ಹತ್ತಿರವೂ ಇರಬೇಕು ಎಂದರೆ ಹೇಗೆ ಎಂದು ನಾನು ಕೇಳಿದೆ. "ಅವನಿಗೆ ವಿಳಾಸ ಗೊತ್ತಾದರೂ ಬರದಂತೆ ಕೋರ್ಟಿನ ಕಾಗದ ಇರಲಿ, ಮಾಲೀಕರು ಹೆದರದವರಾಗಿರಲಿ" ಎಂದಳು. ಮುಂಬಯಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿ 1984ರಲ್ಲೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಆರಂಭಿಸಿದ ಮಹಿಳೆ ಮತ್ತು ಮಕ್ಕಳ ವಿಶೇಷ ಘಟಕ ಈಗ ರಾಜ್ಯದ ಬೇರೆ ಕಡೆಯೂ ಇದೆಯಂತೆ. ಅಲ್ಲಿನ ಸಮಾಜ ಕಾರ್ಯಕರ್ತೆಯ ಬಳಿ ಮೊದಲು ಹೋಗುತ್ತಿದ್ದೇವೆ. ಪೊಲೀಸ್ ಠಾಣೆಯಲ್ಲಿ ಎನ್‌ಸಿ (ಎಫ್‌ಐಆರ್ ಅಲ್ಲದ, ಸಣ್ಣ ಅಪರಾಧದ ದೂರು) ಎಂದು ಬರೆದು ಕಳುಹಿಸಿದ ಕಾಗದ ಅವಳ ಬಳಿ ಇದೆ, ಅದನ್ನೂ ಒಯ್ಯುತ್ತೇವೆ.

ಡಿಪಾಸಿಟಿಗೆ ಮಹಿಳಾ ವಿಭಾಗದ ಅರಿಶಿನ ಕುಂಕುಮದ ಹಣವನ್ನು ಈ ವರ್ಷ ಕೊಡುವುದೆಂದು ನಾವೇ ನಿರ್ಧರಿಸಿದ್ದೇವೆ. ಸಮಿತಿ ಒಪ್ಪಿದರೆ ಒಪ್ಪಲಿ.

ಮುಲುಂಡಿನ ಮನೆಮಾಲೀಕ:
ಮುಲುಂಡ್ ನಿಮಗೆ ದೂರವಾದೀತು. ಡೊಂಬಿವಲಿ ಪೂರ್ವದಲ್ಲಿ ನನ್ನ ಷಡ್ಡಕನ ಮನೆ ಖಾಲಿಯಿದೆ, ಮಾತನಾಡಿದ್ದೇನೆ. ಡಬ್ಬಾದ ವಾಸನೆ, ಹೊಗೆ ಎಂದು ತಕರಾರು ಮಾಡುವವನಲ್ಲ. ಕರಾರು ಮಾತ್ರ ಪಕ್ಕಾ ಬೇಕು ಎನ್ನುತ್ತಾನೆ.

ಬೋರಿವಲಿ ವಕೀಲೆ:
ಪಕ್ಕಾ ಬೇಕೇ ಬೇಕು. ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಬರಹದ ಕರಾರು ನೋಂದಣಿಯಾಗಬೇಕು, ಆ ಹೊಣೆ ಮಾಲೀಕರದೇ. ಲೈಸೆನ್ಸ್ ಪಡೆಯುವವರ ಜಾಗದಲ್ಲಿ ಅವಳೊಬ್ಬಳ ಹೆಸರು ಇರಲಿ. ಡಿಪಾಸಿಟ್ ಯಾರು ಕೊಟ್ಟರು, ಯಾವ ಖಾತೆಗೆ ಹಿಂದಿರುಗಬೇಕು ಎಂದು ಒಂದು ಸಾಲು ಸೇರಿಸಿ, ಇಲ್ಲದಿದ್ದರೆ ನಾಳೆ ಗಂಡ ಬಂದು ಅದು ತನ್ನ ದುಡ್ಡು ಎನ್ನುತ್ತಾನೆ. ಮನೆಯಲ್ಲಿ ಅಡುಗೆ ಮಾಡಿ ಮಾರುತ್ತಾಳೆ ಎಂಬುದನ್ನೂ ಮುಚ್ಚಿಡದೆ ಬರೆಸಿ. ಸಾಕ್ಷಿಗೆ ಇಬ್ಬರು ಬೇಕು, ಅವನಿಗೆ ಪರಿಚಯವಿಲ್ಲದವರು.

ಠಾಣೆ ಸೊಸೈಟಿ ಕಾರ್ಯದರ್ಶಿ:
ಸಾಕ್ಷಿಗೆ ನಾನು ಒಬ್ಬ. ನೋಂದಣಿಯ ಬೆರಳಚ್ಚಿಗೆ ಯಾವ ದಿನ ಎಂದು ಎರಡು ದಿನ ಮೊದಲು ತಿಳಿಸಿ, ಆಧಾರ್ ತರುತ್ತೇನೆ.